ಬ್ಯಾಗ್ ದೊಡ್ಡಮ್ಮ

ಸೀಮಂತದ ಕೋಸಂಬರಿ ಇನ್ನೂ ಬಾಯಲ್ಲಿರುವಾಗಲೇ ನಮ್ಮ ಕಡೆಯ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಆಸ್ಪತ್ರೆ ಬ್ಯಾಗ್ ರೆಡಿ ಏನೇ?" ಕೇಳುವವರು ದೊಡ್ಡಮ್ಮ. ಬಸುರಿಯ ಸ್ವಂತ ದೊಡ್ಡಮ್ಮನೇ ಆಗಬೇಕೆಂದಿಲ್ಲ. ಅಮ್ಮನ ಚಿಕ್ಕಪ್ಪನ ಸೊಸೆಯಾಗಿರಬಹುದು, ಹಿಂದಿನ ಬೀದಿಯವರೂ ಆಗಿರಬಹುದು. ಹಾಸನದಿಂದ ಚಾಮರಾಜನಗರದವರೆಗೆ ಇಂಥವರಿಲ್ಲದ ಬಳಗವಿಲ್ಲ. ತಮ್ಮ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿ ಅಂದರೆ ಜಪ್ಪಯ್ಯ ಅನ್ನದವರು, ಇನ್ನೊಬ್ಬರ ಹೆರಿಗೆ ಅಂದರೆ ಸೆರಗು ಸಿಕ್ಕಿಸಿ ನಿಂತಿರುತ್ತಾರೆ.

ಡಾಕ್ಟರು ಕೊಟ್ಟ ತಾರೀಖನ್ನು ದೊಡ್ಡಮ್ಮ ನಂಬುವುದಿಲ್ಲ. ಈ ಒಂದು ವಿಷಯದಲ್ಲಿ ವಿಜ್ಞಾನವೂ ಅವರ ಕಡೆಗೇ ಇದೆ: ಹೇಳಿದ ದಿನಕ್ಕೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ. ಹಾಗಾಗಿ ಎಂಟು ತುಂಬುವ ಹೊತ್ತಿಗೆ ಬ್ಯಾಗು ಬಾಗಿಲ ಹಿಂದೆ ಕೂತಿರಬೇಕು.

ಬ್ಯಾಗು ಅಂದರೆ ಒಂದಲ್ಲ. ಮಗುವಿನದು, ಬಾಣಂತಿಯದು, ಮತ್ತೆ ದೊಡ್ಡಮ್ಮನದೇ ಒಂದು ವೈರ್ ಬುಟ್ಟಿ. ಬುಟ್ಟಿಯೊಳಗೆ ಏನಿದೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಮಗು ಹುಟ್ಟುವ ಮೊದಲು ಹೊಸ ಬಟ್ಟೆ ಕೊಳ್ಳಬಾರದು ಎಂಬುದು ಅವರ ಕಟ್ಟುನಿಟ್ಟು. ಬಸುರಿ ಆನ್‌ಲೈನಲ್ಲಿ ತರಿಸಿದ ಕರಡಿಮರಿ ಚಿತ್ರದ ಜಬಲಾಗಳು ಬೀರುವಿನ ತಲೆ ಮೇಲೆ ಹೋಗುತ್ತವೆ, ತಾತನ ಹಳೇ ಪಂಚೆ ಕೆಳಗಿಳಿಯುತ್ತದೆ. ಅದನ್ನು ಬಿಸಿನೀರಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಮೊದಲು ಬಣ್ಣದ ಅಂಚನ್ನು ಪರ್ ಅಂತ ಹರಿದು ತೆಗೆಯಬೇಕು. ಅಂಚು ಕೂಸಿನ ಮೈಗೆ ಒತ್ತುತ್ತದೆ. ಆಮೇಲೆ ತುಂಡು ಮಾಡಿ, ಬಿಟ್ಟುಕೊಂಡ ದಾರಗಳನ್ನು ಒಂದೊಂದಾಗಿ ಕಿತ್ತು ಹಾಕಬೇಕು. ದಾರ ಎಳೇ ಬೆರಳಿಗೆ ಸುತ್ತಿಕೊಂಡರೆ ರಕ್ತವೇ ಓಡುವುದಿಲ್ಲ. ಕನ್ನಡಕ ಮೂಗಿನ ತುದಿಗಿಳಿಸಿ ಆ ದಾರ ಕೀಳುವಾಗ ಮಾತ್ರ ದೊಡ್ಡಮ್ಮ ಮಾತಾಡುವುದಿಲ್ಲ. ನಿಜ ಹೇಳಬೇಕೆಂದರೆ, ಇಡೀ ಪ್ಯಾಕಿಂಗಿನಲ್ಲಿ ಇಷ್ಟು ಬುದ್ಧಿವಂತಿಕೆಯ ಕೆಲಸ ಇನ್ನೊಂದಿಲ್ಲ.

ತಾಯಿ ಕಾರ್ಡು, ಆಧಾರ್, ಸ್ಕ್ಯಾನಿಂಗ್ ರಿಪೋರ್ಟು ಸೀರೆ ಅಂಗಡಿಯ ಕವರಿನಲ್ಲಿ ಅವರ ಕಂಕುಳಲ್ಲೇ ಇರುತ್ತವೆ. "ಬ್ಯಾಗ್ ಕಳೆದ್ರೆ ಬಟ್ಟೆ ಹೋಗುತ್ತೆ. ಕಾರ್ಡ್ ಕಳೆದ್ರೆ ಕೌಂಟರಲ್ಲೇ ಹೆರಿಗೆ!" ಹತ್ತರ ನೋಟುಗಳ ಒಂದು ಕಂತೆ ಕರ್ಚೀಫಿನ ಗಂಟಿನಲ್ಲಿ. ಯಾರಿಗೆ ಎಂದು ಕೇಳಿದರೆ, "ಬೇಕಾಗುತ್ತೆ, ಬಿಡು." ಅಳಿಯಂದಿರ ಕೊಡುಗೆ ಒಂದು ಚಾರ್ಜರು, ಜೊತೆಗೆ ನೋವಿನ ಹೊತ್ತಿಗೆ ಕೇಳಿಸಲೆಂದು ಫೋನಿಗೆ ತುಂಬಿಸಿದ ಕೊಳಲಿನ ಸಂಗೀತ. "ಆಗ ಅವಳು ಹಾಡೋದನ್ನ ನೀವು ಕೇಳುವಿರಂತೆ, ಸುಮ್ನಿರಿ" ಎಂದು ದೊಡ್ಡಮ್ಮ ಆ ಕಲಾಪವನ್ನು ಮುಗಿಸುತ್ತಾರೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ಬಾಣಂತಿಯರಿಗೆಂದು 2007ರಲ್ಲಿ ಕರ್ನಾಟಕ ಸರ್ಕಾರ 'ಮಡಿಲು' ಕಿಟ್ ಶುರು ಮಾಡಿತು. ಸೊಳ್ಳೆ ಪರದೆ, ಜಮಖಾನೆ, ಹೊಟ್ಟೆಗೆ ಕಟ್ಟುವ ಬಟ್ಟೆ, ಕೊಬ್ಬರಿ ಎಣ್ಣೆ, ಬಾಚಣಿಗೆ, ಕೂಸಿಗೆ ಟೋಪಿ, ಸ್ವೆಟರು, ಹೀಗೆ 19 ಸಾಮಾನು. ಆ ಪಟ್ಟಿ ಓದಿದಾಗಿನಿಂದ ನನಗೊಂದು ಗುಮಾನಿ: ವಿಧಾನಸೌಧದ ಯಾವುದೋ ಕೋಣೆಯಲ್ಲೂ ಒಬ್ಬರು ದೊಡ್ಡಮ್ಮ ಕೂತಿರಬೇಕು.

ವೈರ್ ಬುಟ್ಟಿಯ ಗುಟ್ಟು ಒಡೆಯುವುದು ವಾರ್ಡಿನಲ್ಲಿ. ಎದುರು ಬೆಡ್ಡಿನವರಿಗೆ ಬಿಸಿನೀರು ಬೇಕು, ಫ್ಲಾಸ್ಕು ಹೊರಬರುತ್ತದೆ. ಕಿಟಕಿ ಪಕ್ಕದ ಬಾಣಂತಿಗೆ ಕಿವಿಗೆ ಹತ್ತಿ ಬೇಕು, ಇದೆ. ಸೇಫ್ಟಿ ಪಿನ್ನು, ಹಣ್ಣು ಕೊಯ್ಯುವ ಚಾಕು, ಬಟ್ಟೆ ಒಣಗಿಸಲು ಹಗ್ಗ, ನೆಲಕ್ಕೆ ಹಾಸಲು ಹಳೇ ಪೇಪರು, ಎಲ್ಲಾ ಇದೆ. ಅವರು ತಂದದ್ದು ಒಬ್ಬಳ ಹೆರಿಗೆಗಲ್ಲ, ಇಡೀ ವಾರ್ಡಿಗೆ. ಸಂಜೆಯೊಳಗೆ ಯಾವ ಕೂಸು ಎಷ್ಟು ತೂಕ, ಯಾರ ಅತ್ತೆ ಮುಖ ಊದಿಸಿಕೊಂಡಿದ್ದಾರೆ, ಎಲ್ಲಾ ಲೆಕ್ಕ ಅವರ ಬಾಯಲ್ಲಿ. ಎಲ್ಲವನ್ನೂ ಆಸ್ಪತ್ರೆಯವರೇ ಒದಗಿಸಿ ಬಿಲ್ಲಿಗೆ ಸೇರಿಸುವ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರೆ ಅವರು ಅಲ್ಲಿ ಎರಡೇ ದಿನಕ್ಕೆ ಸೊರಗಿಹೋಗುತ್ತಾರೆ.

ಸೋಲುವುದು ಒಬ್ಬ ನರ್ಸಿಗೆ ಮಾತ್ರ. ಬುಟ್ಟಿಯ ತಳದಲ್ಲಿ ಜೇನುತುಪ್ಪದ ಪುಟ್ಟ ಸೀಸೆ ಸಿಕ್ಕಿತು.

"ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಕೊಡಬಾರದು ಅಂತ ಗೋಡೆ ಮೇಲೆ ಬರೆದಿದೆ ಅಜ್ಜಿ. ಜೇನುತುಪ್ಪ ಅಂತೂ ವರ್ಷ ತುಂಬೋವರೆಗೂ ಬೇಡ. ಯಾರಿಗೆ ತಂದ್ರಿ ಇದನ್ನ?"

"ನನಗೆ ಕೆಮ್ಮು ಕಣಮ್ಮಾ" ಎಂದು ದೊಡ್ಡಮ್ಮ ಎರಡು ಸಲ ಕೆಮ್ಮಿದರು. ಪಾಪದ ನರ್ಸು ಪಕ್ಕದಲ್ಲೇ ನಿಂತು ಎರಡು ಚಮಚ ಕುಡಿಸಿಯೇ ಹೋದಳು. ನೋವಿಗಿಂತ ನಗು ತಡೆಯುವುದೇ ಬಾಣಂತಿಗೆ ಕಷ್ಟವಾಯಿತು.

ಡಿಸ್ಚಾರ್ಜ್ ದಿನ ಅಳಿಯಂದಿರು ಸಾಮಾನು ಎಣಿಸಿದರು. "ದೊಡ್ಡಮ್ಮ, ಫ್ಲಾಸ್ಕ್ ಇಲ್ಲ."

"ಎಂಟನೇ ಬೆಡ್ಡಿನವಳ ಹತ್ರ ಇದೆ, ಇರಲಿ ಬಿಡಿ. ಅವಳ ನಾದಿನಿಗೆ ಈಗ ಏಳು ತಿಂಗಳಂತೆ. ಬ್ಯಾಗ್ ಕಟ್ಟೋಕೆ ಬರ್ತೀನಿ, ಆಗ ತಗೋತೀನಿ ಅಂದಿದೀನಿ."