ಯಾರ ಸಾಲು ಮೇಲೆ?

ಹಿಂದೆ ಮಲೆನಾಡಿನಲ್ಲಿ ಊರಿಗೊಬ್ಬರು ಪೇಟೆಗೆ ಹೋಗಿಬರುವವರಿರುತ್ತಿದ್ದರು. ಒಬ್ಬರಿಗೆ ಸೀಮೆಎಣ್ಣೆ, ಇನ್ನೊಬ್ಬರಿಗೆ ಟಾರ್ಚಿನ ಸೆಲ್ಲು, ಮತ್ತೊಬ್ಬರಿಗೆ ಕೆಮ್ಮಿನ ಔಷಧಿ, ಎಲ್ಲರ ಚೀಟಿಯೂ ಅವರ ಜೇಬಿನಲ್ಲಿ. ಅಂಗಡಿಯವನಿಗೆ ಕಾಣುತ್ತಿದ್ದುದು ಅವರ ಮುಖ ಮಾತ್ರ. ಚೀಟಿ ಬರೆದವರು ಯಾರೆಂದು ಅವನಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಜಾಣರಾದವರು ನಾಲ್ಕು ಬೆಂಕಿಪೊಟ್ಟಣ ಹೆಚ್ಚಿಗೇ ತಂದು ಮನೆಯಲ್ಲಿಟ್ಟುಕೊಳ್ಳುತ್ತಿದ್ದರು. ಮರುದಿನ ಕೇಳಿಕೊಂಡು ಬಂದವರಿಗೆ ಮತ್ತೆ ಪೇಟೆಗೆ ಹೋಗದೆಯೇ ಕೊಡಬಹುದಲ್ಲ! ಪ್ರಾಕ್ಸಿ ಸರ್ವರ್ ಎಂದರೇನು ಎಂದು ಕೇಳಿದವರಿಗೆ ನಾನು ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಇದರಾಚೆಗಿನದು 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್'. ಅದನ್ನು ವಿವರಿಸಲು ಕೂತರೆ ಕೇಳಿದವರಿಗೆ ತಟ್ಟನೆ ಬೇರೆ ಕೆಲಸ ನೆನಪಾಗುತ್ತದೆ.

ನಾನಿರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಈ ಪೇಟೆಯ ಓಡಾಟ ಸ್ಕ್ವಿಡ್ಡಿನದು. ಕರಾವಳಿಯವರು ಬೊಂಡಾಸ್ ಎಂದು ಕರೆದು ಸುಕ್ಕ ಮಾಡಿ ತಿನ್ನುವ ಜೀವಿಯ ಹೆಸರು ಹೊತ್ತ ತಂತ್ರಾಂಶ. ಅಮೆರಿಕದ ಹಾರ್ವೆಸ್ಟ್ ಎಂಬ ಸಂಶೋಧನಾ ಯೋಜನೆಯಿಂದ ಕವಲೊಡೆದು 1996ರಲ್ಲಿ ಹೊರಬಂತು. ಅದನ್ನು ಬೆಳೆಸಿದವರಲ್ಲಿ ಡ್ವೇನ್ ವೆಸೆಲ್ಸ್ ಮುಖ್ಯರು. ದುಡ್ಡು ಕೊಡಬೇಕಾಗಿಲ್ಲ ಎಂಬುದೇ ಕಾಲೇಜುಗಳಿಗೆ ಅದರ ಮೇಲೆ ಮೊದಲ ಪ್ರೀತಿ. ಅದು ಕೂರುವ ಪೋರ್ಟಿನ ಸಂಖ್ಯೆ 3128. ಹಾಸ್ಟೆಲ್ಲಿನ ಬ್ರೌಸರಿಗೆ ಈ ನಾಲ್ಕು ಅಂಕಿ ತುಂಬಿದ ಒಂದು ತಲೆಮಾರೇ ಇದೆ. ತಮ್ಮ ರೋಲ್ ನಂಬರು ಮರೆತವರೂ ಇದನ್ನು ಮರೆತಿಲ್ಲ.

ಸ್ಕ್ವಿಡ್ಡಿನ ಬುದ್ಧಿಯೆಲ್ಲ ಇರುವುದು ಒಂದೇ ಕಡತದಲ್ಲಿ. ಟಿಪ್ಪಣಿಗಳ ಸಮೇತ ತೆರೆದರೆ ಸಾವಿರಾರು ಸಾಲು. ಸೂತ್ರ ಒಂದಾದರೆ ಭಾಷ್ಯ ಐವತ್ತು. ಮೊದಲಿಗೆ ಎಸಿಎಲ್ ಎಂಬ ಸಾಲುಗಳಲ್ಲಿ ಎಲ್ಲರನ್ನೂ ಪರಿಚಯ ಮಾಡಿಕೊಡಬೇಕು: ಇದು ಲ್ಯಾಬು, ಇದು ಲೈಬ್ರರಿ, ಇದು ಹಾಸ್ಟೆಲ್ಲು, ಇದು ಬೆಳಗಿನ ಒಂಬತ್ತರಿಂದ ಸಂಜೆ ಐದು. ಆಮೇಲೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಬರೆಯಬೇಕು. ಸ್ಕ್ವಿಡ್ ಮೇಲಿನಿಂದ ಕೆಳಗೆ ಓದಿಕೊಂಡು ಬರುತ್ತದೆ; ಮೊದಲು ಹೊಂದಿದ ಸಾಲೇ ತೀರ್ಪು. ಅದರ ಕೆಳಗಿನದನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಲ್ಯಾಬು, ಲೈಬ್ರರಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು 'ಬಿಡು' ಎಂದರೆ ನಮ್ಮ ಕಿವಿಗೆ ಇಬ್ಬರಿಗೂ ಅನುಮತಿ ಸಿಕ್ಕಂತೆ ಕೇಳುತ್ತದೆ. ಸ್ಕ್ವಿಡ್ಡಿಗೆ ಅದು ಕೇಳುವುದೇ ಬೇರೆ: ಏಕಕಾಲಕ್ಕೆ ಲ್ಯಾಬಿನಲ್ಲೂ ಲೈಬ್ರರಿಯಲ್ಲೂ ಕೂತಿರುವವರನ್ನು ಮಾತ್ರ ಬಿಡು. ಅಂಥವರು ಪುರಾಣಗಳಲ್ಲಿದ್ದರು, ನಮ್ಮಲ್ಲಿ ಅಡ್ಮಿಶನ್ ಆಗಿಲ್ಲ. ಎರಡನ್ನು ಎರಡು ಸಾಲಿನಲ್ಲಿ ಬರೆದರೆ ಎಲ್ಲರೂ ಸುಖಿ. ಇನ್ನೂ ಒಂದು ಚೋದ್ಯವಿದೆ. ಯಾವ ಸಾಲೂ ಹೊಂದಲಿಲ್ಲ ಎನ್ನಿ, ಆಗ ಸ್ಕ್ವಿಡ್ ಕೊನೆಯ ಸಾಲು ಹೇಳಿದ್ದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಕೊನೆಯದು 'ಇಂಥವರನ್ನು ತಡೆ' ಎಂದಿದ್ದರೆ ಉಳಿದ ಲೋಕವೆಲ್ಲ ಒಳಕ್ಕೆ! ತರ್ಕ ಸರಿಯೇ ಇರಬಹುದು. ಆದರೂ ರಾತ್ರಿ ನಿದ್ದೆ ಬೇಕೆನ್ನುವವರು ಕಟ್ಟಕಡೆಗೆ 'ಎಲ್ಲರನ್ನೂ ತಡೆ' ಎಂದು ಬರೆದುಬಿಡುತ್ತಾರೆ. ಆ ಸಾಲಿನ ಕೆಳಗೆ ಯಾರಿಗೆ ಏನು ಅನುಮತಿ ಬರೆದರೂ ಅದು ಅರಣ್ಯರೋದನ.

ಹೀಗಾಗಿ ಒಂದು ಸಂಸ್ಥೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಲು ಗೋಡೆಯ ಮೇಲಿನ ಪದಾಧಿಕಾರಿಗಳ ಬೋರ್ಡು ನೋಡುವ ಅಗತ್ಯವಿಲ್ಲ, ಈ ಕಡತ ಸಾಕು. ಸಿನಿಮಾ ಸೈಟುಗಳನ್ನು ಬಂದ್ ಮಾಡಿ ಎಂದು ಮೇಲಿನಿಂದ ಆಜ್ಞೆ ಬರುತ್ತದೆ. ಬಂದ್ ಮಾಡಿದ ಸಂಜೆಯೇ ಆಜ್ಞೆ ಕೊಟ್ಟವರ ಫೋನು: "ನನ್ನ ಚೇಂಬರಿಗೊಂದು ಬಿಡ್ರೀ, ಎಜುಕೇಶನಲ್ ವಿಡಿಯೊ ನೋಡೋದಿದೆ." ಅವರ ಸಾಲು ತಡೆಯ ಸಾಲಿಗಿಂತ ಮೇಲೆ ಹೋಗುತ್ತದೆ. ಇದು ಹೇಗೋ ವಿಭಾಗ ಮುಖ್ಯಸ್ಥರಿಗೆ ಗೊತ್ತಾಗಿ ಅವರದೂ ಹೋಗುತ್ತದೆ. ಸಂಬಳದ ಬಿಲ್ಲು ಮಾಡುವ ವಿಭಾಗ ಕೇಳಿದಾಗಲಂತೂ ಇಲ್ಲವೆನ್ನುವ ಧೈರ್ಯ ಯಾರಿಗಿದೆ? ನನಗಿಂತ ಮುಂಚೆ ಹಲವರ ಕೈದಾಟಿ ಬಂದ ಕಡತವಿದು. ಎಂದೋ ನಿವೃತ್ತರಾದ ಪ್ರಾಂಶುಪಾಲರೊಬ್ಬರ ಕಂಪ್ಯೂಟರಿನ ವಿಳಾಸ ಈಗಲೂ ಎಲ್ಲರಿಗಿಂತ ಮೇಲಿದೆ. ಆ ಐಪಿ ವಿಳಾಸ ಈಗ ಉಗ್ರಾಣದ ಪ್ರಿಂಟರಿನ ಪಾಲಾಗಿದೆ. ಇಡೀ ಕ್ಯಾಂಪಸ್ಸಿನಲ್ಲಿ ಯಾವ ನಿರ್ಬಂಧವೂ ಇಲ್ಲದ ಜೀವ ಅದೊಂದೇ. ಪಾಪ, ಅದಕ್ಕೆ ಏನನ್ನೂ ನೋಡುವ ಆಸೆಯಿಲ್ಲ.

ಮೊದಲು ಬಂದವರಿಗೇ ಸೀಟು ಎಂಬ ನ್ಯಾಯ ವಾರಗಳಿಗೂ ಅನ್ವಯಿಸುತ್ತದೆ. ಕಡತದಲ್ಲಿ ಒಂದೊಂದು ವಾರಕ್ಕೆ ಒಂದೇ ಇಂಗ್ಲಿಷ್ ಅಕ್ಷರ. ಮಂಗಳವಾರ 'ಟಿ' ಹಿಡಿದು ಕೂತದ್ದರಿಂದ ಗುರುವಾರ 'ಎಚ್'ಗೆ ತೃಪ್ತಿಪಡಬೇಕು; 'ಎಸ್' ಭಾನುವಾರದ್ದಾದ್ದರಿಂದ ಶನಿವಾರಕ್ಕೆ ಸಿಕ್ಕಿದ್ದು 'ಎ'. ಶನಿಮಹಾತ್ಮನಿಗೇ ಈ ಗತಿ. ಹಾಸ್ಟೆಲ್ಲಿಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಂದು ಬರೆಯಹೋದರೆ ಸ್ಕ್ವಿಡ್ ಒಪ್ಪುವುದಿಲ್ಲ. ಶುರುವಾಗುವ ಹೊತ್ತು ಮುಗಿಯುವ ಹೊತ್ತಿಗಿಂತ ಚಿಕ್ಕದಿರಬೇಕಂತೆ. ಇರುಳನ್ನು ನಡುರಾತ್ರಿಗೆ ಕತ್ತರಿಸಿ ಎರಡು ತುಂಡು ಮಾಡಿ ಕೊಡಬೇಕು. ಹಾಸ್ಟೆಲ್ಲಿನ ಹುಡುಗರಿಗೆ ಅಖಂಡವಾಗಿರುವ ರಾತ್ರಿ ಸ್ಕ್ವಿಡ್ಡಿಗೆ ಖಂಡಖಂಡ.

ನನಗೆ ಈ ಕಡತದಲ್ಲಿ ಅತ್ಯಂತ ಪ್ರೀತಿಯದು ರಿಫ್ರೆಶ್ ಪ್ಯಾಟರ್ನ್ ಎಂಬ ಸಾಲು. ತಂದಿಟ್ಟುಕೊಂಡ ಪುಟ ಎಷ್ಟು ದಿನ ತಾಜಾ ಎಂದು ತೀರ್ಮಾನಿಸುವ ಜಾಗ. ಕಳಿಸಿದ ಸರ್ವರೇ ಅವಧಿ ಹೇಳಿದ್ದರೆ ಸರಿ. ಹೇಳದಿದ್ದರೆ ಸ್ಕ್ವಿಡ್ ಅಂದಾಜು ಕಟ್ಟಬೇಕು. ಅದರ ಮಾಮೂಲಿ ಅಂದಾಜು: 0, 20 ಶೇಕಡ, 4320. ಅಂದರೆ, ತರುವ ಹೊತ್ತಿಗೆ ಒಂದು ಪುಟ ಹತ್ತು ದಿನಗಳಿಂದ ಬದಲಾಗದೆ ಇದ್ದರೆ ಅದರ ಐದನೇ ಒಂದು ಪಾಲು, ಇನ್ನೆರಡು ದಿನ, ಅದನ್ನು ನಂಬಬಹುದು. ಎಷ್ಟೇ ಹಳೆಯದಾಗಿದ್ದರೂ ನಂಬಿಕೆಯ ಗಡುವು 4320 ನಿಮಿಷ, ಮೂರು ದಿನ. ಇದನ್ನು ಬರೆದ ಪುಣ್ಯಾತ್ಮ ಮನುಷ್ಯರನ್ನೂ ಚೆನ್ನಾಗಿ ಬಲ್ಲವನಿರಬೇಕು. ಇದೇ ಗುಂಪಿನಲ್ಲಿ ಗೋಫರ್ ಎಂಬುದಕ್ಕೂ ಒಂದು ಸಾಲು ಬಹಳ ಕಾಲ ಇತ್ತು. 1991ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, ವೆಬ್ಬಿನ ಅಬ್ಬರದಲ್ಲಿ ಮೂಲೆ ಸೇರಿದ ವ್ಯವಸ್ಥೆ ಅದು. ನಮ್ಮ ಕಡತದಲ್ಲಿ ಇನ್ನೂ ಇದೆ. ಅಳಿಸಲು ಕೈ ಬರುವುದಿಲ್ಲ.

ಕೂಡುಕುಟುಂಬದ ಏರ್ಪಾಡೂ ಉಂಟು. ಒಂದು ಪ್ರಾಕ್ಸಿಗೆ ಇನ್ನೊಂದನ್ನು ಪೇರೆಂಟ್ ಎಂದೋ ಸಿಬ್ಲಿಂಗ್ ಎಂದೋ ನೇಮಿಸಬಹುದು. ಕೇಳಿದ್ದು ತನ್ನಲ್ಲಿ ಇಲ್ಲದಿದ್ದರೂ ಹೋಗಿ ತಂದುಕೊಡುವುದು ಪೇರೆಂಟಿನ ಧರ್ಮ. ಸಿಬ್ಲಿಂಗ್ ಹಾಗಲ್ಲ, ಇದ್ದರೆ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ. ನಿನಗಾಗಿ ಪೇಟೆಗೆ ಹೋಗುವವರು ಯಾರು ಎನ್ನುತ್ತದೆ. ಆಸ್ತಿ ಭಾಗವಾದ ಮನೆಗಳನ್ನು ನೋಡಿದವರಿಗೆ ಇದರ ಕೈಪಿಡಿ ಬೇಕಾಗುವುದಿಲ್ಲ.

ಈಗ ಕಾಲ ಬದಲಾಗಿದೆ. ಚೀಟಿಗಳೆಲ್ಲ ಅಂಟಿಸಿದ ಲಕೋಟೆಯಲ್ಲಿ ಬರುತ್ತಿವೆ. ಎಚ್‌ಟಿಟಿಪಿಎಸ್ ಬಂದ ಮೇಲೆ ಬ್ರೌಸರು 'ಇಂಥ ಸೈಟಿನ 443ನೇ ಪೋರ್ಟಿಗೆ ಸಂಪರ್ಕ ಕೊಡು, ಉಳಿದದ್ದು ನಿನಗೆ ಬೇಡ' ಎನ್ನುತ್ತದೆ. ಒಳಗಿರುವುದು ಸ್ಕ್ವಿಡ್ಡಿಗೆ ಕಾಣದು, ಕಾಣದ್ದನ್ನು ತೆಗೆದಿಟ್ಟುಕೊಳ್ಳಲೂ ಆಗದು. ಲಕೋಟೆ ಒಡೆದು ನೋಡುವ ಸೆಟ್ಟಿಂಗೂ ಇದೆ, ಎಸ್ಎಸ್ಎಲ್ ಬಂಪ್ ಎಂದು. ಅದಕ್ಕೆ ಕಾಲೇಜು ತನ್ನದೇ ಪ್ರಮಾಣಪತ್ರ ತಯಾರಿಸಿ ಎಲ್ಲರ ಕಂಪ್ಯೂಟರಿಗೂ ತುಂಬಬೇಕು. ಹಾಗೆ ಮಾಡಿ ಎಂದು ಸಲಹೆ ಬಂದಾಗ, ಆಗ ನಿಮ್ಮ ಬ್ಯಾಂಕಿನ ಪಾಸ್‌ವರ್ಡೂ ನನ್ನ ಮೆಷೀನಿನಲ್ಲಿ ಬಿಚ್ಚಿಕೊಳ್ಳಬಹುದು ಸಾರ್ ಎಂದೆ. ಸಲಹೆ ಅಲ್ಲಿಗೇ ವಾಪಸಾಯಿತು. ಬೇರೆಯವರ ಲಕೋಟೆ ಒಡೆಯುವುದು ಎಷ್ಟೇ ಅಡ್ವಾನ್ಸ್ಡ್ ಆಗಿದ್ದರೂ ನನಗೆ ಹೇಸಿಗೆಯೇ.

ಆದರೆ ಬಿಡುವುದಕ್ಕೂ ತಡೆಯುವುದಕ್ಕೂ ಲಕೋಟೆಯ ಮೇಲಿನ ವಿಳಾಸ ಸಾಕಲ್ಲ. ಹಾಗಾಗಿ ಸಾಲಿನ ರಾಜಕೀಯ ಮುಂದುವರಿದಿದೆ. ಮೊನ್ನೆ ಒಬ್ಬರು ಮೇಡಂ ಬಂದು, ನಮ್ಮ ವಿಭಾಗದ ಸಾಲು ಮೆಕ್ಯಾನಿಕಲ್‌ನವರದಕ್ಕಿಂತ ಕೆಳಗಿದೆಯಂತೆ, ಹೌದಾ ಎಂದು ಕೇಳಿದರು. ಎರಡೂ 'ಬಿಡು' ಎನ್ನುವ ಸಾಲುಗಳೇ ಮೇಡಂ, ಯಾವುದು ಮುಂದಿದ್ದರೂ ವ್ಯತ್ಯಾಸವಿಲ್ಲ ಎಂದು ತಿಳಿಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, "ಆದ್ರೂ ಮೇಲೆ ಹಾಕಿ ಸಾರ್" ಎಂದರು. ಹಾಕಿದೆ. ತಪ್ಪೇನಾದರೂ ಇದೆಯೇ ಎಂದು ಪಾರ್ಸ್ ಕೊಟ್ಟು ನೋಡಿದೆ, ಸ್ಕ್ವಿಡ್ ತಕರಾರು ಮಾಡಲಿಲ್ಲ. ರೀಕಾನ್ಫಿಗರ್ ಕೊಟ್ಟು ಕಾಫಿಗೆ ಹೊರಟರೆ ಬಾಗಿಲಲ್ಲೇ ಮೆಕ್ಯಾನಿಕಲ್‌ನವರು ನಿಂತಿದ್ದರು.