ಲೀಟರಿಗೆ ಎಷ್ಟು ಸ್ವಾಮಿ?

ಡೀಸೆಲ್ ಕಾರಿಟ್ಟವರನ್ನು ಗುರುತು ಹಿಡಿಯುವುದು ಬಲು ಸುಲಭ. ನೀವು ಕೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರನ್ನು "ಯಾವೂರಿಂದ ಬಂದ್ರಿ?" ಎಂದು ಕೇಳಿ ನೋಡಿ. "ಶಿವಮೊಗ್ಗ. ಇಪ್ಪತ್ಮೂರು ಕೊಡ್ತು" ಎಂಬ ಉತ್ತರ ಬರುತ್ತದೆ. ಕೋಸಂಬರಿ ಬಡಿಸುವಾಗ ಇಪ್ಪತ್ಮೂರಿದ್ದದ್ದು ಸಾರಿನ ಹೊತ್ತಿಗೆ ಇಪ್ಪತ್ನಾಲ್ಕಾಗಿ, ಪಾಯಸಕ್ಕೆ ಇಪ್ಪತ್ತೈದು ದಾಟಿರುತ್ತದೆ. ಮಜ್ಜಿಗೆಯವರೆಗೂ ಕೂತರೆ ಬಂಕಿನವನೇ ಇವರಿಗೆ ದುಡ್ಡು ಕೊಡಬೇಕಾಗಿ ಬಂದೀತು. ಪೆಟ್ರೋಲ್ ಕಾರಿನವರಿಗೆ ಈ ಚಟವಿಲ್ಲ. ಅವರು ಮಾತು ಬದಲಿಸಿ ಹುಡುಗಿಯ ಸೀರೆ ಚೆನ್ನಾಗಿದೆ ಎನ್ನುತ್ತಾರೆ.

ಈ ರೋಗ ಶುರುವಾದದ್ದಕ್ಕೆ ಸರ್ಕಾರವೂ ಸ್ವಲ್ಪ ಕಾರಣ. 2010ರ ಜೂನಿನಲ್ಲಿ ಪೆಟ್ರೋಲಿನ ಬೆಲೆಗೆ ಹಾಕಿದ್ದ ಹಗ್ಗ ಬಿಚ್ಚಿದರು, ಡೀಸೆಲನ್ನು ಮಾತ್ರ ರೈತರ, ಲಾರಿಯವರ ಹೆಸರಿನಲ್ಲಿ ಕಟ್ಟಿಯೇ ಇಟ್ಟರು. 2012ರ ಹೊತ್ತಿಗೆ ಎರಡರ ನಡುವೆ ಲೀಟರಿಗೆ 30 ರೂಪಾಯಿಯಷ್ಟು ಅಂತರ ಬಿತ್ತು. ರೈತನಿಗೆಂದು ಇಟ್ಟ ಅಗ್ಗದ ಎಣ್ಣೆಗೆ ಜಯನಗರದ ಮೇಷ್ಟ್ರೂ ರಾಜಾಜಿನಗರದ ಬ್ಯಾಂಕ್ ಮ್ಯಾನೇಜರೂ ಸಾಲುಗಟ್ಟಿ ನಿಂತರು. ಸ್ವಿಫ್ಟ್ ಡೀಸೆಲ್ ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಕಾದು ಕೊಂಡವನಿಗೆ ಕಾರಿಗಿಂತ ಹೆಚ್ಚಾಗಿ ಒಂದು ಲೆಕ್ಕ ಸಿಕ್ಕಿತು.

ಆ ಲೆಕ್ಕ ಹೀಗಿತ್ತು. ಡೀಸೆಲ್ ಮಾದರಿಗೆ ಪೆಟ್ರೋಲಿಗಿಂತ ಸುಮಾರು ಒಂದು ಲಕ್ಷ ಹೆಚ್ಚು. ಪೆಟ್ರೋಲಿಗೆ 75 ರೂಪಾಯಿ, ಲೀಟರಿಗೆ 15 ಕಿಲೋಮೀಟರ್ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ 5 ರೂಪಾಯಿ. ಡೀಸೆಲಿಗೆ 45 ರೂಪಾಯಿ, ಲೀಟರಿಗೆ 20 ಎಂದರೆ ಎರಡೂಕಾಲು ರೂಪಾಯಿ. ಹಾಗಾದರೆ ಆ ಒಂದು ಲಕ್ಷ ವಾಪಸು ಬರಲು 36 ಸಾವಿರ ಕಿಲೋಮೀಟರು ಓಡಬೇಕು. ತಪ್ಪಿಲ್ಲದ ಲೆಕ್ಕ. ಆದರೆ ದಿನಾ ಆಫೀಸಿಗೆ ಹೋಗಿಬರುವುದು ಹತ್ತೇ ಕಿಲೋಮೀಟರು ಇರುವ ಮನುಷ್ಯ 36 ಸಾವಿರ ಎಲ್ಲಿಂದ ತರಬೇಕು? ತಂದರು. ಭಾನುವಾರ ಬಂತೆಂದರೆ ಧರ್ಮಸ್ಥಳ, ಅಲ್ಲಿಂದ "ಇಲ್ಲೇ ಇದೆಯಲ್ಲ" ಎಂದು ಕುಕ್ಕೆ, ಮುಂದಿನ ವಾರ ಹೊರನಾಡು, ಶೃಂಗೇರಿ, ದಾರಿಯಲ್ಲಿ ಉಡುಪಿ. ಉಡುಪಿ ದಾರಿಯಲ್ಲಿ ಇಲ್ಲವೆಂದು ಹೇಳಿದರೆ "ಡೀಸೆಲ್ ಅಲ್ಲವೇನ್ರಿ, ಏನಾಗುತ್ತೆ" ಎಂಬ ಸಮಾಧಾನ. ಹೀಗೆ ಉಳಿಸುವುದಕ್ಕಾಗಿ ಓಡಿಸಿ, ಓಡಿಸುವುದಕ್ಕಾಗಿ ಖರ್ಚು ಮಾಡಿ, ಕರ್ನಾಟಕದ ದೇವಸ್ಥಾನಗಳ ಹುಂಡಿಯನ್ನು ತುಂಬಿಸಿದ ಪುಣ್ಯ ಡೀಸೆಲ್ ಕಾರಿನವರಿಗೆ ಸಲ್ಲಬೇಕು.

ಇವರ ಇನ್ನೊಂದು ಮನರಂಜನೆ ಎಂಜಿನ್ ಜಗಳ. "ಮಾರುತಿ ಎಂಜಿನ್ ಅಂದ್ರೆ ಎಂಜಿನ್ನು" ಎಂದು ಸ್ವಿಫ್ಟಿನವರು. "ಟಾಟಾದವರದ್ದು ಕಬ್ಬಿಣ ಕಣ್ರೀ" ಎಂದು ಇಂಡಿಕಾ ವಿಸ್ಟಾದವರು. "ನಮ್ಮದು ಇಟಲಿಯದು" ಎಂದು ಕಾಲರು ಸರಿಮಾಡಿಕೊಳ್ಳುವ ಪುಂಟೋದವರು. ಮೂರೂ ಗಾಡಿಯ ಬಾನೆಟ್ ಎತ್ತಿದರೆ ಒಳಗೆ ಕೂತಿರುವುದು ಒಂದೇ, ಫಿಯೆಟ್ ಮೂಲದ 1248 ಸಿಸಿ ಮಲ್ಟಿಜೆಟ್. ಮಾರುತಿ ಅದಕ್ಕೆ ಡಿಡಿಐಎಸ್ ಎಂದು ನಾಮಕರಣ ಮಾಡಿತು, ಟಾಟಾ ಕ್ವಾಡ್ರಾಜೆಟ್ ಎಂದಿತು. ಎಷ್ಟು ಕಾರುಗಳಲ್ಲಿ ಇತ್ತೆಂದರೆ ಭಾರತದ ರಾಷ್ಟ್ರೀಯ ಎಂಜಿನ್ ಎಂದೇ ಅದಕ್ಕೆ ಅಡ್ಡಹೆಸರು ಬಿದ್ದಿತ್ತು. ಜಗಳ ಮಾತ್ರ ನಿಲ್ಲಲಿಲ್ಲ. ಒಂದೇ ಎಂಜಿನ್ ಎಂದು ನೀವು ಹೇಳಿದರೆ ಮೂವರೂ ಒಟ್ಟಾಗಿ ನಿಮ್ಮ ಮೇಲೆ ಬೀಳುತ್ತಾರೆ.

ಇನ್ನು ಕಂಪನಿ ಹೇಳುವ ಮೈಲೇಜು. 2017ರ ಡಿಜೈರ್ ಡೀಸೆಲಿಗೆ 28.40 ಎಂದು ಬರೆದಿದ್ದರು. 2015ರಲ್ಲಿ ಬಂದ 793 ಸಿಸಿಯ ಎರಡೇ ಸಿಲಿಂಡರಿನ ಸೆಲೆರಿಯೊ ಡೀಸೆಲಿಗೆ 27.62. ದಶಮಾಂಶದ ನಂತರವೂ ಎರಡು ಅಂಕಿ ಇರುವುದರಿಂದ ಸುಳ್ಳಿರಲಾರದು ಎಂದು ಜನ ನಂಬಿದರು. ನಿಜಕ್ಕೂ ಅದು ಸುಳ್ಳಲ್ಲ. ಪುಣೆಯ ಎಆರ್‌ಎಐಯಂಥ ಪರೀಕ್ಷಾ ಕೇಂದ್ರಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಗೊತ್ತುಮಾಡಿದ ವೇಗಗಳಲ್ಲಿ ಓಡಿಸಿ ಅಳೆದದ್ದು. ಅಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಇಲ್ಲ, ರೋಡ್ ಹಂಪಿಲ್ಲ, ಎಸಿ ಹಾಕುವುದಿಲ್ಲ, ಹಿಂದಿನ ಸೀಟಿನಲ್ಲಿ ಹಲಸಿನ ಹಣ್ಣು ಹಿಡಿದ ದೊಡ್ಡಮ್ಮನೂ ಇಲ್ಲ. ಗಂಡಿನ ಕಡೆಯವರು ಹೇಳುವ ಹುಡುಗನ ಸಂಬಳ ಇದ್ದ ಹಾಗೆ ಇದು: ಕಾಗದದ ಮೇಲೆ ಅಷ್ಟೂ ಸತ್ಯ, ಕೈಗೆ ಬರುವುದು ಬೇರೆ. ಆ 1248 ಸಿಸಿ ಎಂಜಿನ್ನಿನ ಸಣ್ಣ ಕಾರುಗಳು ಬೆಂಗಳೂರಿನ ಒಳಗೆ 14ರಿಂದ 16, ಹೆದ್ದಾರಿಯಲ್ಲಿ 80ರ ಹದದಲ್ಲಿ ಹೋದರೆ 20ರಿಂದ 23 ಕೊಟ್ಟರೆ ಅವು ಆರೋಗ್ಯವಾಗಿವೆ ಎಂದೇ ಅರ್ಥ. ಅದಕ್ಕಿಂತ ಮೇಲಿನದು ಪಾಯಸದ ಹೊತ್ತಿನ ಮಾತು.

ಅಳೆಯುವ ಶಾಸ್ತ್ರವನ್ನೂ ನೋಡಬೇಕು. "ಫುಲ್ ಟ್ಯಾಂಕ್ ಮಾಡಪ್ಪ" ಎಂದು ನಿಂತವರು ನಳಿಕೆ ಟಕ್ ಎಂದು ನಿಂತ ಮೇಲೂ ಬಿಡುವುದಿಲ್ಲ. ಡೀಸೆಲ್ ನೊರೆ ಕಟ್ಟುವ ಎಣ್ಣೆ, ನೊರೆ ತಾಗಿದರೂ ನಳಿಕೆ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು. ಆದ್ದರಿಂದ ಗಾಡಿ ಅಲ್ಲಾಡಿಸುತ್ತಾರೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹಿಂದಿನ ಸ್ಕೂಟರಿನವನು ಏನೋ ಪೂಜೆ ಇರಬೇಕೆಂದು ಸುಮ್ಮನಿರುತ್ತಾನೆ. ಇಷ್ಟು ಮಾಡಿ 200 ಕಿಲೋಮೀಟರು ಓಡಿಸಿ ಮತ್ತೆ ತುಂಬಿಸಿ ಭಾಗಿಸುತ್ತಾರೆ. 10 ಲೀಟರು ಹಿಡಿದರೆ 20 ಬಂತು, ನೊರೆಯ ದೆಸೆಯಿಂದ 9ಕ್ಕೇ ನಿಂತರೆ 22 ಬಂತು. ಎರಡು ಕಿಲೋಮೀಟರು ಸುಧಾರಿಸಿದ್ದು ಎಂಜಿನ್ನಲ್ಲ, ನೊರೆ. ಸರಿಯಾದ ಅಂದಾಜು ಬೇಕಾದರೆ ಒಂದೇ ಬಂಕಿನಲ್ಲಿ ಒಂದೇ ರೀತಿ ತುಂಬಿಸಿ, ನಾಲ್ಕಾರು ಟ್ಯಾಂಕಿನ ಲೆಕ್ಕ ಒಟ್ಟು ಹಾಕಬೇಕು. ಅಷ್ಟು ತಾಳ್ಮೆ ಇದ್ದವರು ಮೈಲೇಜಿನ ಮಾತೇ ಆಡುವುದಿಲ್ಲ. ಮೀಟರಿನ ಪರದೆಯಲ್ಲಿ ಕಾಣುವ ಅಂಕಿಯೋ, ಅದು ಸಾಮಾನ್ಯವಾಗಿ ಯಜಮಾನನ ಮನಸ್ಸಿಗೆ ನೋವಾಗದಂತೆ ಸ್ವಲ್ಪ ಹೆಚ್ಚೇ ಹೇಳುತ್ತದೆ.

ಓಡಿಸುವ ಕಲೆ ಇನ್ನೂ ಘನವಾದದ್ದು. ಚಾರ್ಮಾಡಿ ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿ "ನೋಡಿ, ಈಗ ಎಣ್ಣೆಯೇ ಬೇಡ" ಎನ್ನುವ ಮಹನೀಯರಿದ್ದಾರೆ. ವಿಷಯ ಉಲ್ಟಾ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಈಗಿನ ಎಂಜಿನ್ ಡೀಸೆಲ್ ಹರಿವನ್ನೇ ನಿಲ್ಲಿಸುತ್ತದೆ, ಚಕ್ರಗಳೇ ಅದನ್ನು ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದರೆ ಆರದೆ ಉಳಿಯಲು ಅದು ಎಣ್ಣೆ ಕುಡಿಯುತ್ತಲೇ ಇರಬೇಕು. ಮೇಲಾಗಿ ಬ್ರೇಕ್ ಕಾಯ್ದು ಕೈಕೊಟ್ಟರೆ ಮುಂದಿನ ತಿರುವಿನಲ್ಲಿ ಮೈಲೇಜು ಕೇಳುವವರು ಯಾರೂ ಉಳಿದಿರುವುದಿಲ್ಲ. ಎಸಿಯ ಕತೆಯೂ ಇಷ್ಟೇ. "ಅಳಿಯಂದಿರೇ, ಸ್ವಲ್ಪ ಎಸಿ ಹಾಕ್ತೀರಾ?" ಎಂದು ಅತ್ತೆ ಕೇಳಿದರೆ, "ಕಿಟಕಿ ತೆಗೀರಿ ಅತ್ತೆ, ಹೊರಗಿನ ಗಾಳಿ ಆರೋಗ್ಯಕ್ಕೆ ಒಳ್ಳೇದು" ಎಂಬ ಉಪದೇಶ. ಮುಂದೆ ಹೋಗುತ್ತಿರುವುದು ಜಲ್ಲಿ ಲಾರಿ. ಹೆದ್ದಾರಿಯ ವೇಗದಲ್ಲಿ ತೆರೆದ ಕಿಟಕಿಯೂ ಗಾಳಿಯನ್ನು ಒಳಗೆಳೆದು ಕಾರನ್ನು ಹಿಂದಕ್ಕೆ ತಡೆಯುತ್ತದೆ ಎಂದು ಅಳಿಯನಿಗೆ ಯಾರು ಹೇಳಿಕೊಡಬೇಕು? ಮೈಲೇಜು ಹೆಚ್ಚಿಸುವ ನಿಜವಾದ ಉಪಾಯಗಳು ಬಹಳ ಸಪ್ಪೆ: ಟೈರಿಗೆ ಸರಿಯಾಗಿ ಗಾಳಿ ಹೊಡೆಸುವುದು, ಏರ್ ಫಿಲ್ಟರ್ ಚೊಕ್ಕವಾಗಿಡುವುದು, 100ರ ಬದಲು 80ರಲ್ಲಿ ಹೋಗುವುದು. ಇವುಗಳಲ್ಲಿ ಕೊಚ್ಚಿಕೊಳ್ಳಲು ಏನೂ ಇಲ್ಲವಾದ್ದರಿಂದ ಯಾರೂ ಮಾಡುವುದಿಲ್ಲ.

ಮೆಚ್ಚಬೇಕಾದ್ದನ್ನು ಮೆಚ್ಚಲೇಬೇಕು. ಆ ಪುಟ್ಟ ಎಂಜಿನ್ನು ನಿಮಿಷಕ್ಕೆ 2000 ಸುತ್ತು ದಾಟಿ ಟರ್ಬೊ ಎದ್ದಿತೆಂದರೆ ಶಿರಾಡಿಯ ಏರಿನಲ್ಲಿ ಐದು ಜನ, ಲಗೇಜು ಸಮೇತ ಸಲೀಸಾಗಿ ಹತ್ತಿಬಿಡುತ್ತದೆ. ಅದಕ್ಕೆ ಮೊದಲು ಮಾತ್ರ ಟರ್ಬೊಗೆ ಬೆಳಗಾಗಿರುವುದಿಲ್ಲ, ಟ್ರಾಫಿಕ್ಕಿನಲ್ಲಿ ಎರಡನೇ ಗೇರಿನಲ್ಲಿ ಒದ್ದಾಡಿ ಮೊದಲನೆಯದಕ್ಕೆ ಇಳಿಯಬೇಕು, ಹಾಗೆ ತುಳಿದು ತುಳಿದು ಕ್ಲಚ್ ಮುಗಿಯುತ್ತದೆ. ಬೆಲ್ಟಿನ ಬದಲು ಟೈಮಿಂಗ್ ಚೈನ್ ಇರುವುದು ಒಂದು ನೆಮ್ಮದಿ. ಆದರೆ ಇಂಜೆಕ್ಟರ್ ಕೈಕೊಟ್ಟ ದಿನ ಮೆಕ್ಯಾನಿಕ್ ಒಂದು ಚೀಟಿಯಲ್ಲಿ ಮೊತ್ತ ಬರೆದು ಕೊಡುತ್ತಾನೆ. ವರ್ಷಗಟ್ಟಲೆ ನೊರೆ ಎಣಿಸಿ ಉಳಿಸಿದ್ದೆಲ್ಲ ಆ ಚೀಟಿಯಲ್ಲಿರುತ್ತದೆ.

ಈಗ ಆ ಕಾಲವೂ ಮುಗಿಯಿತು. 2014ರ ಅಕ್ಟೋಬರಿನಲ್ಲಿ ಡೀಸೆಲಿನ ಹಗ್ಗವನ್ನೂ ಬಿಚ್ಚಿದರು. ಇವತ್ತು ಬೆಂಗಳೂರಿನಲ್ಲಿ ಅಂತರ ಉಳಿದಿರುವುದು 12 ರೂಪಾಯಿಯ ಆಸುಪಾಸು. 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಸಣ್ಣ ಹ್ಯಾಚ್‌ಬ್ಯಾಕುಗಳಲ್ಲಿ ಟಾಟಾ ಆಲ್ಟ್ರೋಜ್ ಬಿಟ್ಟರೆ ಡೀಸೆಲ್ ಕಾಣುವುದಿಲ್ಲ. ಬಿಎಸ್ 6 ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಕಾರು ಆಗಾಗ ಒಳ್ಳೆಯ ವೇಗದಲ್ಲಿ ಬಿಡದೆ ಓಡಬೇಕು. ತರಕಾರಿ ತರಲು ಮಾತ್ರ ತೆಗೆದರೆ ಫಿಲ್ಟರ್ ಕಟ್ಟಿಕೊಂಡು ಮೀಟರಿನಲ್ಲಿ ದೀಪ ಹತ್ತುತ್ತದೆ. ಅಂದರೆ ಧರ್ಮಸ್ಥಳಕ್ಕೆ ಹೋಗಲು ಈಗ ಡಾಕ್ಟರ ಚೀಟಿಯೇ ಸಿಕ್ಕಂತಾಯಿತು.

ಆದ್ದರಿಂದ ಸ್ವಾಮಿ, ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರಿಗೆ ಕೈ ಹಾಕುವ ಮುಂಚೆ "ಎಷ್ಟು ಕೊಡುತ್ತೆ?" ಎಂದು ಮಾರುವವನನ್ನು ಕೇಳಬೇಡಿ, "ನಾನು ಎಷ್ಟು ಓಡಿಸ್ತೀನಿ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ದಿನಾ ಮಂಗಳೂರಿನಿಂದ ಉಡುಪಿಗೆ ಹೋಗಿಬರುವವರು ಕಣ್ಣುಮುಚ್ಚಿ ಡೀಸೆಲ್ ತಗೊಳ್ಳಿ. ವರ್ಷಕ್ಕೆ 10 ಸಾವಿರ ಕಿಲೋಮೀಟರು ದಾಟದವರು ಪೆಟ್ರೋಲ್ ತಗೊಂಡು, ಮದುವೆಮನೆಯಲ್ಲಿ ತೆಪ್ಪಗೆ ಹೋಳಿಗೆ ತಿನ್ನಿ.