ಅಂಗೈಯಗಲದ ಗಿಂಡಿ

ಊಲಾಂಗ್ ಚಹಾಕ್ಕೆಂದು ಚೀನಾದಲ್ಲಿ ಮಾಡುವ ಮಣ್ಣಿನ ಗಿಂಡಿಯನ್ನು ಮೊದಲ ಸಲ ಕೈಗೆತ್ತಿಕೊಂಡವರು ಕೇಳುವುದು ಒಂದೇ ಮಾತು: ಇದರಲ್ಲಿ ದೊಡ್ಡದು ಇಲ್ಲವೇ? ಮೂತಿ ಇದೆ, ಹಿಡಿ ಇದೆ, ಮುಚ್ಚಳ ಇದೆ, ಮುಚ್ಚಳದ ನೆತ್ತಿಯ ಮೇಲೊಂದು ಗುಬುಟೂ ಇದೆ. ಹಿಡಿಸುವ ನೀರು ಮಾತ್ರ ನೂರೋ ನೂರಿಪ್ಪತ್ತೋ ಮಿಲಿಲೀಟರು. ಅಂಗಡಿಯವನು "ಇದೇ ದೊಡ್ಡದು" ಎಂದು ಗಂಭೀರವಾಗಿ ಹೇಳಿದಾಗ, ಕೊಳ್ಳಲು ಬಂದವನು ಬೆಲೆಚೀಟಿಯನ್ನು ಇನ್ನೊಮ್ಮೆ ಓದುತ್ತಾನೆ. ಅಲ್ಲಿ ಯಾವುದೂ ಸಣ್ಣದಿರುವುದಿಲ್ಲ.

ಈ ಗೊಂದಲ ಹೊಸತಲ್ಲ. ಚಿಂಗ್ ಕಾಲದ ಕವಿ, ಹೆಸರಾಂತ ತಿಂಡಿಪೋತ ಯುವಾನ್ ಮೇಯ್‌ಗೆ ವೂಯಿ ಬೆಟ್ಟದ ಚಹಾ ಎಂದರೆ ಮೊದಲು ಆಗುತ್ತಲೇ ಇರಲಿಲ್ಲ. ಕಷಾಯದಂತೆ ಕಹಿ ಎಂದು ಮೂಗು ಮುರಿಯುತ್ತಿದ್ದ. 1786ರ ಶರತ್ಕಾಲದಲ್ಲಿ ಆತ ಆ ಬೆಟ್ಟಕ್ಕೇ ಹೋದಾಗ ಅಲ್ಲಿನ ಸನ್ಯಾಸಿಗಳು ಅಕ್ರೋಟಿನಷ್ಟು ಬಟ್ಟಲು, ಮಾದಲಹಣ್ಣಿನಷ್ಟು ಗಿಂಡಿ ತಂದಿಟ್ಟರು. ಗಟಗಟ ಕುಡಿಯಲು ಬಾಯಿ ತೆರೆದರೆ ಕುಡಿಯಲು ಅಲ್ಲಿ ಏನೂ ಇಲ್ಲ! ಗತ್ಯಂತರವಿಲ್ಲದೆ ಮೂಸಿದ, ಚಪ್ಪರಿಸಿದ, ಇನ್ನೊಂದು ಬಟ್ಟಲು ಕೇಳಿದ. ಕೊನೆಗೆ ತನ್ನ ತವರು ಹಾಂಗ್‌ಝೌನ ಲಾಂಗ್‌ಜಿಂಗ್ ಚಹಾವೇ ತೆಳುವೆನಿಸಿತೆಂದು ಬರೆದಿಟ್ಟ.

ಸಣ್ಣದೇ ಏಕೆ ಎಂಬುದಕ್ಕೆ ಕಾರಣ ಸರಳ. ನೂರು ಮಿಲಿಲೀಟರಿಗೆ ಏಳೆಂಟು ಗ್ರಾಂ ಎಲೆ ಹಾಕಿ, ಕುದಿನೀರು ಸುರಿದು, ಕೆಲವೇ ಸೆಕೆಂಡುಗಳಲ್ಲಿ ಬಸಿದುಬಿಡಬೇಕು. ಅದೇ ಎಲೆಗೆ ಮತ್ತೆ ನೀರು, ಮತ್ತೆ ಬಸಿಯುವುದು. ಹೀಗೆ ಆರೇಳು ಸಲ, ಪ್ರತಿ ಸಲವೂ ರುಚಿ ಬೇರೆ. ದೊಡ್ಡ ಪಾತ್ರೆಯಲ್ಲಿ ಇದೇ ಲೆಕ್ಕ ಹಿಡಿದರೆ ಎಲೆಯ ಖರ್ಚಿಗೆ ಸಾಲ ಮಾಡಬೇಕಾಗುತ್ತದೆ. ಬಸಿದು ಮುಗಿಯುವಷ್ಟರಲ್ಲಿ ತಳದ ಚಹಾ ಕಡುವಾಗಿ ಬಾಯಿ ಒಗರಾಗುತ್ತದೆ.

ಹಾಗಾಗಿ ಗಾತ್ರದ ಜಗಳ ಬೇಗ ಮುಗಿಯುತ್ತದೆ. ಮುಗಿಯದೇ ಉಳಿಯುವುದು ಮಣ್ಣಿನ ಜಗಳ.

ಜಿಯಾಂಗ್ಸು ಪ್ರಾಂತದಲ್ಲಿ, ತಾಯ್ ಸರೋವರದ ಪಶ್ಚಿಮಕ್ಕೆ ಯಿಶಿಂಗ್ ಇದೆ. ಅಲ್ಲಿನ ದಿಂಗ್‌ಶು ಪಟ್ಟಣದ ಪಕ್ಕದಲ್ಲಿ ಹುವಾಂಗ್‌ಲಾಂಗ್ ಎಂಬ ಬೆಟ್ಟ. ಝೀಷಾ ಎಂಬ ಹೆಸರಾಂತ ಮಣ್ಣು ಬರುವುದು ಆ ಬೆಟ್ಟದ ಹೊಟ್ಟೆಯಿಂದ. ಮಣ್ಣು ಎನ್ನುವುದು ರೂಢಿ. ಅಗೆದಾಗ ಅದು ಕಲ್ಲೇ. ಬಯಲಲ್ಲಿ ಬಿಸಿಲು ಮಳೆಗೆ ಒಡ್ಡಿ, ಪುಡಿಮಾಡಿ, ಜರಡಿ ಹಿಡಿದು, ನೀರು ಬೆರೆಸಿ ಹದಮಾಡಬೇಕು. ಯಿಶಿಂಗ್‌ನ ಕುಶಲಕರ್ಮಿ ತಿಗರಿಯ ಹತ್ತಿರ ಹೋಗುವುದಿಲ್ಲ. ಮರದ ಹಲಗೆಯಿಂದ ಮಣ್ಣನ್ನು ತಟ್ಟಿ ತೆಳು ಪಟ್ಟಿ ಮಾಡಿ, ಅದನ್ನು ಬಳೆಯ ಹಾಗೆ ಸುತ್ತಿ ತುದಿ ಕೂಡಿಸುತ್ತಾನೆ. ಎಡಗೈಯ ಬೆರಳು ಒಳಗೆ, ಬಲಗೈಯ ಹಲಗೆ ಹೊರಗೆ; ತಿರುಗಿಸುತ್ತಾ ಮೆಲ್ಲಗೆ ಬಡಿದಂತೆ ಪಟ್ಟಿಯ ಅಂಚು ಒಳಕ್ಕೆ ಬಾಗಿ, ಹೊಟ್ಟೆ ಉಬ್ಬಿ, ಗಿಂಡಿ ತಾನಾಗಿ ಮೂಡುತ್ತದೆ. ಒಳಗಾಗಲಿ ಹೊರಗಾಗಲಿ ಗಾಜಿನ ಲೇಪವಿಲ್ಲ.

ಇಲ್ಲಿಂದ ಮುಂದೆ ಅಂಗಡಿಯವನು ಇತಿಹಾಸ ತೆಗೆಯುತ್ತಾನೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಗೊಂಗ್ ಚುನ್ ಎಂಬ ಆಳು, ಯಜಮಾನ ಓದಿಗೆ ಕೂತಿದ್ದ ದೇವಾಲಯದಲ್ಲಿ ಸನ್ಯಾಸಿಯೊಬ್ಬ ಗಿಂಡಿ ಮಾಡುವುದನ್ನು ಕದ್ದು ನೋಡಿ ಕಲಿತನಂತೆ. ಗಿಂಕ್ಗೊ ಮರದ ಗಂಟಿನ ರೂಪದಲ್ಲಿ ತಾನೂ ಒಂದು ಮಾಡಿದನಂತೆ. ಅವನದೇ ಎನ್ನಲಾದ ಅಂಥದ್ದೊಂದು ಗಿಂಡಿ 1920ರ ದಶಕದಲ್ಲಿ ಸುಝೌ ಪೇಟೆಯಲ್ಲಿ ಮುಚ್ಚಳವಿಲ್ಲದೆ ಸಿಕ್ಕಿತು. ಕೊಂಡವರು ಒಳ್ಳೆಯ ಕಸುಬುದಾರನಿಂದಲೇ ಮುಚ್ಚಳ ಮಾಡಿಸಿದರಂತೆ. ಅವನು ಕುಂಬಳಕಾಯಿಯ ತೊಟ್ಟಿನ ಆಕಾರದಲ್ಲಿ ಮಾಡಿಕೊಟ್ಟ. ಚಿತ್ರಕಾರ ಹುವಾಂಗ್ ಬಿನ್‌ಹೊಂಗ್ ಅದನ್ನು ನೋಡಿ, ಮರದ ಮೇಲೆ ಕುಂಬಳಕಾಯಿ ಯಾವಾಗ ಬಿಟ್ಟಿತು ಎಂಬ ಧಾಟಿಯಲ್ಲಿ ತಕರಾರು ತೆಗೆದರಂತೆ. ಮತ್ತೊಬ್ಬ ಕಸುಬುದಾರ ಗಂಟಿನಂಥ ಮುಚ್ಚಳ ಮಾಡಿದ ಮೇಲೆ ಶಾಂತಿ ನೆಲೆಸಿತು. ಗಿಂಡಿ ಈಗ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದು ನಿಜಕ್ಕೂ ಗೊಂಗ್ ಚುನ್‌ನ ಕೈಯದೇ ಎಂಬ ಅನುಮಾನವೂ ಜೊತೆಗೇ ಇದೆ.

ಅನುಮಾನಪಟ್ಟವರಲ್ಲಿ ಇಪ್ಪತ್ತನೆಯ ಶತಮಾನದ ಮಹಾ ಕುಶಲಕರ್ಮಿ ಗು ಜಿಂಗ್‌ಝೌ (1915–1996) ಕೂಡ ಒಬ್ಬರು. ಅನುಮಾನಿಸಲು ಅವರಿಗಿಂತ ಅರ್ಹರು ಇರಲಿಲ್ಲ. 1930ರ ದಶಕದಲ್ಲಿ ಶಾಂಘೈನ ಹಳೇ ಸಾಮಾನಿನ ವ್ಯಾಪಾರಿಯೊಬ್ಬರಿಗಾಗಿ ಅವರು ಹಳೆಯ ಗುರುಗಳ ಕೃತಿಗಳ ನಕಲು ಮಾಡಿಕೊಡುತ್ತಿದ್ದರು. ಎಷ್ಟೋ ವರ್ಷಗಳ ನಂತರ ವಸ್ತುಸಂಗ್ರಹಾಲಯವೊಂದು ಪ್ರಾಚೀನ ಎಂದು ಕಾಪಿಟ್ಟಿದ್ದ ವಸ್ತುವನ್ನು ಪರೀಕ್ಷಿಸಲು ಕರೆದಾಗ, ಅದು ತಮ್ಮದೇ ಹರೆಯದ ಕೈಕೆಲಸವೆಂದು ಗುರುತಿಸಿದರು ಎನ್ನುತ್ತಾರೆ. ಅವರು 1948ರಲ್ಲಿ ಸ್ವಂತ ಹೆಸರಿನಲ್ಲೇ ಮಾಡಿದ ಗಿಂಡಿಯೊಂದು 2010ರ ಹರಾಜಿನಲ್ಲಿ ಒಂದು ಕೋಟಿ ಯುವಾನ್ ದಾಟಿತು. ಅದರಲ್ಲಿ ಚಹಾ ಮಾಡುವ ಗುಂಡಿಗೆ ಯಾರಿಗಿದೆಯೋ ಕಾಣೆ.

ಅದೇ 2010ರಲ್ಲಿ ಚೀನಾದ ಸರ್ಕಾರಿ ದೂರದರ್ಶನ ಇನ್ನೊಂದು ಸುದ್ದಿ ಬಿತ್ತರಿಸಿತು: ಝೀಷಾ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಹಲವು ಗಿಂಡಿಗಳು ಬೇರೆ ಕಡೆಯ ಮಾಮೂಲಿ ಮಣ್ಣಿಗೆ ಬಣ್ಣದ ಪುಡಿ ಕಲಸಿ ಮಾಡಿದವು. ಅಂದಿನಿಂದ ಪ್ರತಿ ಅಂಗಡಿಯವನೂ "ಪಕ್ಕದವನದು ಹಾಗೆ, ನಮ್ಮದು ಅಸಲಿ ಬೆಟ್ಟದ್ದು" ಎನ್ನುತ್ತಾನೆ. ತಳ ತಿರುಗಿಸಿದರೆ ಮೆಂಗ್‌ಚೆನ್ ಎಂಬ ಮುದ್ರೆ. ಹುಯ್ ಮೆಂಗ್‌ಚೆನ್ ಸಣ್ಣ ಗಿಂಡಿಗೆ ಹೆಸರಾಗಿದ್ದು ಮಿಂಗ್ ಮುಗಿದು ಚಿಂಗ್ ಶುರುವಾಗುವ ಕಾಲದಲ್ಲಿ. ಪುಣ್ಯಾತ್ಮ ಸತ್ತು ಮುನ್ನೂರು ವರ್ಷವಾದರೂ ಕೆಲಸ ನಿಲ್ಲಿಸಿಲ್ಲ.

ಈ ಲೇಖಕನ ಮಟ್ಟಿಗೆ ಅಂಗಡಿಯಲ್ಲಿ ನಂಬತಕ್ಕ ಸಾಕ್ಷಿ ಒಂದೇ, ನೀರು. ಗಿಂಡಿಯನ್ನು ಅಂಚಿನವರೆಗೆ ತುಂಬಿ ಮುಚ್ಚಳ ಹಾಕಿ ಬಗ್ಗಿಸಬೇಕು. ಧಾರೆ ಚೆದುರದೆ, ಹಗ್ಗದಂತೆ ಒಂದೇ ಎಳೆಯಾಗಿ ಬೀಳಬೇಕು. ಹತ್ತು ಎಣಿಸುವಷ್ಟರಲ್ಲಿ ಹೊಟ್ಟೆ ಖಾಲಿಯಾಗಬೇಕು. ನಡುವೆ ಮುಚ್ಚಳದ ತೂತಿಗೆ ಬೆರಳಿಟ್ಟರೆ ಧಾರೆ ಗಕ್ಕನೆ ನಿಲ್ಲಬೇಕು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವ ಗಾದೆಯ ಮೊದಲರ್ಧ ಈ ಅಂಗಡಿಗೆ ಸಲ್ಲುತ್ತದೆ, ಎರಡನೆಯದು ಸಲ್ಲದು. ಇಲ್ಲಿ ಆ ತೂತೇ ಸತ್ಯ ಹೇಳುವುದು, ಮುಚ್ಚಳ ಎಷ್ಟು ಬಿಗಿಯಾಗಿ ಕೂತಿದೆ ಎಂದು. ಬೆರಳು ತೆಗೆದು, ಗಿಂಡಿಯನ್ನು ನೆಟ್ಟಗೆ ಮಾಡಿ, ಮೂತಿಯ ಕೆಳಗೆ ಕಣ್ಣಿಡಬೇಕು. ಕೊನೆಯ ಹನಿ ಒಳಗೆ ಹಿಂತಿರುಗಿತೋ, ಗಲ್ಲದ ಮೇಲೆ ಜೊಲ್ಲಿನಂತೆ ಇಳಿಯಿತೋ? ಜೊಲ್ಲು ಸುರಿಸುವ ಗಿಂಡಿ ಎಷ್ಟೇ ದೊಡ್ಡ ವಂಶದ್ದಾದರೂ ದಿನಾ ಮೇಜು ಒರೆಸುವ ಕೆಲಸ ಹಚ್ಚುತ್ತದೆ.

ಮುಚ್ಚಳ ತೆಗೆದು ಮೇಜಿನ ಮೇಲೆ ಬೋರಲು ಹಾಕುವುದು ಇನ್ನೊಂದು ಪರೀಕ್ಷೆ. ಮೂತಿಯ ತುದಿ, ಬಾಯಿ, ಹಿಡಿಯ ನೆತ್ತಿ ಮೂರೂ ಮೇಜಿಗೆ ತಾಗಬೇಕು. ಮೂತಿ ಬಾಯಿಗಿಂತ ತಗ್ಗಾಗಿದ್ದರೆ ಗಿಂಡಿ ತುಂಬುವ ಮೊದಲೇ ಅಲ್ಲಿಂದ ಚಹಾ ಹೊರಬೀಳುತ್ತದೆ, ಅಷ್ಟೇ ಲೆಕ್ಕ. ಎಲ್ಲ ವಿನ್ಯಾಸಕ್ಕೂ ಇದು ಹೊಂದದು. ಬಿಸಿನೀರು ಹಾಕಿ ಮೂಸುವುದಂತೂ ಕಡ್ಡಾಯ. ಹಸಿ ಮಣ್ಣಿನ ವಾಸನೆ ಸರಿ, ಬೂಟು ಪಾಲಿಶಿನ ವಾಸನೆ ಬಂದರೆ ನಮಸ್ಕಾರ ಹೇಳಿ ಹೊರಡಬೇಕು.

ಎಲೆಗೂ ಹೊಟ್ಟೆಗೂ ಸಂಬಂಧವಿದೆ. ತ್ಯೆ ಗ್ವಾನ್‌ಯಿನ್‌ನಂಥ ಉಂಡೆ ಕಟ್ಟಿದ ಎಲೆ ತಳದಲ್ಲಿ ಸಾಧುವಾಗಿ ಕೂತಿದ್ದು, ಎರಡು ನೀರು ಬೀಳುತ್ತಲೇ ಮುಚ್ಚಳ ಎತ್ತುವಷ್ಟು ಉಬ್ಬುತ್ತದೆ. ಅದಕ್ಕೆ ದುಂಡು ಹೊಟ್ಟೆ ಬೇಕು. ವೂಯಿಯ ಉದ್ದೆಲೆಗೆ ಅಗಲ ಬಾಯಿ ಬೇಕು, ಇಲ್ಲವಾದರೆ ತುರುಕುವಾಗಲೇ ಮುರಿದು ಚೂರು ಮೂತಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಗಿಂಡಿಗೆ ಒಂದೇ ಜಾತಿಯ ಚಹಾ, ರುಚಿ ಬೆರೆಯಬಾರದು ಎಂಬ ನಿಯಮವೂ ಇದೆ. ವ್ಯಾಪಾರಿಗಳು ಈ ನಿಯಮವನ್ನು ಹೇಳಲು ಎಂದೂ ಮರೆತವರಲ್ಲ. ಆದರೆ ಅದೇ ವ್ಯಾಪಾರಿ ಎಲೆಯ ಗುಣ ನೋಡಬೇಕಾದಾಗ ಬಳಸುವುದು ಮುಚ್ಚಳವಿರುವ ಬಿಳಿ ಪಿಂಗಾಣಿ ಬಟ್ಟಲು: 110 ಮಿಲಿಲೀಟರು, ಐದು ಗ್ರಾಂ ಎಲೆ. ಪಿಂಗಾಣಿ ಏನನ್ನೂ ಹೀರದು, ಏನನ್ನೂ ಮುಚ್ಚಿಡದು.

ಊಲಾಂಗ್‌ನ ಹುಚ್ಚು ನೆತ್ತಿಗೇರಿದ ಊರು ಗುವಾಂಗ್‌ಡಾಂಗ್‌ನ ಚಾವ್‌ಝೌ. ಅಲ್ಲಿಯವರು ತಿಗರಿಯ ಮೇಲೇ ಕೆಂಪು ಮಣ್ಣಿನ ಗಿಂಡಿ ಎತ್ತುತ್ತಾರೆ; ಯಿಶಿಂಗ್‌ನವರ ಮುಖ ನೋಡುತ್ತಾ ಕೂರುವುದಿಲ್ಲ. ವೆಂಗ್ ಹುಯ್‌ಡಾಂಗ್ ಎಂಬ ವಿದ್ವಾಂಸರು 1957ರಲ್ಲಿ ಆ ಊರಿನ ಚಹಾಪದ್ಧತಿಯ ಬಗ್ಗೆ ಬರೆಯುತ್ತಾ ಗಿಂಡಿ ಸಣ್ಣದಿರಬೇಕು, ಆಳ ಕಮ್ಮಿ ಇರಬೇಕು, ಸಮವಾಗಿರಬೇಕು, ಹಳೆಯದಾಗಿರಬೇಕು ಎಂದರು. ಜನ ಎಷ್ಟೇ ಕೂತಿರಲಿ, ಬಟ್ಟಲು ಮೂರೇ. ಒಬ್ಬರು ಕುಡಿದಿಟ್ಟದ್ದನ್ನು ಕುದಿನೀರಲ್ಲಿ ತೊಳೆದು ಮುಂದಿನವರಿಗೆ. ಬೆಂಗಳೂರಿನ ದರ್ಶಿನಿಗಳ ಬೈಟು ಕಾಫಿ ಇದರ ಮುಂದೆ ಧಾರಾಳತನ.

ಹಳೆಯದಾಗಿರಬೇಕು ಎಂಬುದೇ ಹೊಸದು ಕೊಳ್ಳುವವನಿಗೆ ತಲೆನೋವು. ಸೋಪು ಮುಟ್ಟಿಸದೆ, ಬರೀ ಬಿಸಿನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಒರೆಸಿ ಗಿಂಡಿಯನ್ನು ಸಾಕಬೇಕಂತೆ. ಚಿಂಗ್ ಕಾಲದ ಚಾವ್‌ಝೌನ ಕತೆಯೊಂದಿದೆ. ಸಾಹುಕಾರನೊಬ್ಬನ ಬಾಗಿಲಿಗೆ ಬಂದ ಭಿಕ್ಷುಕ ಅನ್ನ ಕೇಳಲಿಲ್ಲ, ಚಹಾ ಕೇಳಿದ. ಕುಡಿದು, ಎಲೆ ಚೆನ್ನಾಗಿದೆ, ಗಿಂಡಿ ತೀರಾ ಹೊಸದು ಎಂದು ತೀರ್ಪು ಕೊಟ್ಟ. ಚಹಾದ ಚಟದಲ್ಲೇ ಮನೆಮಠ ಕಳಕೊಂಡವನು ಅವನು. ಹೊಟ್ಟೆಗಿಲ್ಲದಿದ್ದರೂ ಬಿಡದೆ ಜೋಪಾನ ಮಾಡಿದ್ದ ಗಿಂಡಿಯನ್ನು ತೆಗೆದು ತೋರಿಸಿದ. ಅದರ ಚಹಾ ಕುಡಿದ ಸಾಹುಕಾರ ಮಾರುವಂತೆ ದುಂಬಾಲುಬಿದ್ದ. ಬೆಲೆ ಮೂರು ಸಾವಿರ, ಆದರೆ ಪೂರ್ತಿ ಕೊಡಲಾರೆ, ಅರ್ಧ ಕೊಡುತ್ತೇನೆ ಎಂದ ಭಿಕ್ಷುಕ. ಸಾವಿರದೈನೂರು ಎಣಿಸಿಕೊಂಡು ಸಂಸಾರಕ್ಕೊಂದು ದಾರಿ ಮಾಡಿದ. ಆಮೇಲೆ ದಿನವೂ ಸಾಹುಕಾರನ ಮನೆಗೆ ಬಂದು, ತನ್ನ ಪಾಲಿನ ಗಿಂಡಿಯಲ್ಲಿ ಅವನ ಪಾಲಿನ ಎಲೆ ಹಾಕಿಸಿಕೊಂಡು ಕುಡಿಯತೊಡಗಿದ. ಸಾಹುಕಾರ ಚೌಕಾಸಿ ಮಾಡಿದ ಸುದ್ದಿ ಕತೆಯಲ್ಲಿ ಎಲ್ಲೂ ಇಲ್ಲ.